ಬಿಸಿಯಾದ ಮೇಲೆ ನಿಲ್ಲುವ ಅಂಬಾಸಡರ್: ಕರೆಂಟ್ ಎಲ್ಲಿ ತಪ್ಪುತ್ತಿದೆ?

ನಮಸ್ಕಾರ. ನಿಮ್ಮದು 1986ರ ಅಂಬಾಸಡರ್ ಮಾರ್ಕ್ 4, ಪೆಟ್ರೋಲ್ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಅರ್ಧ ಗಂಟೆ ಓಡಿದ ಮೇಲೆ ತಟ್ಟನೆ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಹೊರಡುತ್ತದೆ. ಕಾರ್ಬೊರೇಟರ್ ತೊಳೆಸಿದ್ದೀರಿ. ಪೆಟ್ರೋಲ್ ಪಂಪ್, ಪ್ಲಗ್, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ತಯಾರಿಸುವ ಭಾಗ), ಕಂಡೆನ್ಸರ್ ಎಲ್ಲಾ ಹೊಸದು. ಇನ್ನು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿಬಿಡಲೇ ಅಂತ ಕೇಳಿದ್ದೀರಿ.

ಸದ್ಯಕ್ಕೆ ಇನ್ನೊಂದು ಪಾರ್ಟೂ ಕೊಳ್ಳಬೇಡಿ. ನಮ್ಮ ಮನೆಯಲ್ಲೂ ಇದೇ 1489 ಸಿಸಿ ಇಂಜಿನ್ನಿನ ಗಾಡಿ ಇದೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ. ಈ ತೊಂದರೆ ಸಿಗುವುದು ಗಾಡಿ ನಿಂತ ಆ ಐದು ನಿಮಿಷದಲ್ಲಿ ಮಾತ್ರ. ತಣ್ಣಗಾದ ಮೇಲೆ ಗ್ಯಾರೇಜಿಗೆ ಒಯ್ದರೆ ಎಲ್ಲವೂ ಸರಿಯಾಗೇ ಇರುತ್ತದೆ, ಮೆಕ್ಯಾನಿಕ್ ಪಾಪ ಊಹೆ ಮಾಡಿ ಪಾರ್ಟ್ ಬದಲಾಯಿಸುತ್ತಾರೆ. ಒಂದು ಸಾಧಾರಣ ಮಲ್ಟಿಮೀಟರ್, ಸ್ಕ್ರೂ ಡ್ರೈವರ್, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ಗಾಡಿಯಲ್ಲೇ ಇಟ್ಟುಕೊಳ್ಳಿ.

ನೀವು ‘ತಟ್ಟನೆ’ ಅಂದಿರಲ್ಲ, ಅದು ಮುಖ್ಯವಾದ ಮಾತು. ಪೆಟ್ರೋಲ್ ತೊಂದರೆಯಾದರೆ ಸಾಮಾನ್ಯವಾಗಿ ಗಾಡಿ ಎಳೆದಾಡಿಕೊಂಡು, ಜರ್ಕ್ ಹೊಡೆದು ನಿಲ್ಲುತ್ತದೆ. ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಂತರೆ ಮೊದಲು ಕರೆಂಟನ್ನೇ ನೋಡಬೇಕು.

ನಿಂತ ಕೂಡಲೇ ಬಾನೆಟ್ ಎತ್ತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹತ್ತಿರ ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಒಂದೊಂದು ಪ್ಲಗ್ಗಿಗೂ ಹಂಚುವ ಭಾಗ) ಕ್ಯಾಪಿನ ನಡುವಿನ ದಪ್ಪ ವೈರ್ ಕಿತ್ತು, ಅದರ ತುದಿಯನ್ನು ಪ್ಲೇಯರ್‌ನಿಂದ ಇಂಜಿನ್ ಬ್ಲಾಕಿಗೆ ಸುಮಾರು 6 ಮಿಲಿಮೀಟರ್ ದೂರ ಹಿಡಿಯಿರಿ. ಬರಿಗೈಯಲ್ಲಿ ಬೇಡ, ಜೋರಾಗಿ ಹೊಡೆಯುತ್ತದೆ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಅಂತ ಬಂದರೆ ಕಾಯಿಲ್, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್), ಕಂಡೆನ್ಸರ್ ಮೂರೂ ಕೆಲಸ ಮಾಡುತ್ತಿವೆ. ಆಗ ಅನುಮಾನ ರೋಟರ್ (ಕ್ಯಾಪಿನ ಒಳಗೆ ತಿರುಗುವ ತುಂಡು) ಮತ್ತು ಕ್ಯಾಪಿನ ಮೇಲೆ. ಕ್ಯಾಪ್ ಬಿಚ್ಚಿ, ಅದೇ ವೈರನ್ನು ರೋಟರ್‌ನ ಹಿತ್ತಾಳೆಯ ಹತ್ತಿರ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಅಲ್ಲಿಗೆ ಕಿಡಿ ಮೇಲಿಂದ ಮೇಲೆ ಹಾರಿದರೆ ರೋಟರ್ ಒಳಗಿಂದಲೇ ಶಾಫ್ಟಿಗೆ ಕರೆಂಟ್ ಸೋರುತ್ತಿದೆ, ಬದಲಾಯಿಸಿ. ರೋಟರ್ ಸರಿಯಿದ್ದರೆ ಕ್ಯಾಪಿನ ಒಳಗೆ ಕೂದಲಿನಂಥ ಕಪ್ಪು ಗೆರೆ ಇದೆಯಾ ನೋಡಿ.

ಕಿಡಿಯೇ ಬರಲಿಲ್ಲ, ಅಥವಾ ಹಳದಿಯಾಗಿ ಸೊರಗಿದೆ ಅಂದುಕೊಳ್ಳಿ. ನಿಮ್ಮ ಗಾಡಿಯಲ್ಲಿ ಇದೇ ಆಗುವ ಸಾಧ್ಯತೆ ಜಾಸ್ತಿ. ಈಗ ಮಲ್ಟಿಮೀಟರ್ ತೆಗೆದುಕೊಳ್ಳಿ. ಇಗ್ನಿಷನ್ ಆನ್ ಮಾಡಿ, ಪಾಯಿಂಟ್ ಮುಚ್ಚಿರುವ ಜಾಗಕ್ಕೆ ಇಂಜಿನ್ ತಿರುಗಿಸಿ. ಪಾಯಿಂಟ್ ಮುಚ್ಚಿರಲೇಬೇಕು. ತೆರೆದಿದ್ದರೆ ಕರೆಂಟ್ ಹರಿಯುವುದಿಲ್ಲ, ಹಾಳಾದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸಿ ದಾರಿ ತಪ್ಪಿಸುತ್ತದೆ.

ಕಾಯಿಲ್‌ನ ಪ್ಲಸ್ ತುದಿಯಿಂದ ಅರ್ಥ್‌ಗೆ, ಅಂದರೆ ಗಾಡಿಯ ಲೋಹದ ಮೈಗೆ, ಅಳೆಯಿರಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಒಂದು ವೋಲ್ಟಿಗೂ ಮೀರಿ ಕಡಿಮೆ ಬಂದರೆ ಇಗ್ನಿಷನ್ ಸ್ವಿಚ್ಚು, ಫ್ಯೂಸ್ ಬಾಕ್ಸಿನ ಹಸಿರುಗಟ್ಟಿದ ಕ್ಲಿಪ್ಪು, ಹಳೇ ವೈರಿನ ಜೋಡಣೆ, ಇವುಗಳಲ್ಲಿ ಒಂದು ಬಿಸಿಗೆ ಕೈಕೊಡುತ್ತಿದೆ. ನಂತರ ಮೈನಸ್ ತುದಿ, ಅಂದರೆ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಕಡೆ. ಇಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಪಾಯಿಂಟ್ ಕರಕಲಾಗಿದೆ, ಇಲ್ಲವೇ ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ವೈರುಗಳಲ್ಲಿ ಒಂದು ತುಂಡಾಗಿದೆ.

ಆ ಪುಟ್ಟ ವೈರುಗಳನ್ನು ತುಂಬಾ ಜನ ನೋಡುವುದೇ ಇಲ್ಲ. ಒಂದು, ಪಕ್ಕದ ಟರ್ಮಿನಲ್‌ನಿಂದ ಪಾಯಿಂಟಿಗೆ ಹೋಗುತ್ತದೆ. ಇನ್ನೊಂದು, ಪಾಯಿಂಟ್ ಕೂತ ಪ್ಲೇಟನ್ನು ಅರ್ಥ್ ಮಾಡುತ್ತದೆ. ಇಂಜಿನ್ನಿನ ವ್ಯಾಕ್ಯೂಮ್ (ಗಾಳಿಯ ಎಳೆತ) ಎಳೆದಾಗಲೆಲ್ಲ ಆ ಪ್ಲೇಟ್ ಅತ್ತಿತ್ತ ಆಡುತ್ತದೆ, ಜೊತೆಗೆ ವೈರೂ ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆ ಕಡಿದು, ಮೇಲಿನ ಹೊದಿಕೆ ಮಾತ್ರ ಉಳಿದಿರುತ್ತದೆ. ನೋಡಲು ಚೆನ್ನಾಗೇ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ಎಳೆದರೆ ರಬ್ಬರಿನ ಹಾಗೆ ಹಿಗ್ಗುತ್ತದೆ, ಅದೇ ಗುರುತು. ಹಾಕುವಾಗ ಗಟ್ಟಿ ವೈರ್ ಬೇಡ, ಸಣ್ಣ ಎಳೆಗಳ ಮೆತ್ತನೆಯ ವೈರನ್ನೇ ಹಾಕಿಸಿ.

ಕೊನೆಗೆ ಪಾಯಿಂಟಿನ ನಡುವೆ ಕಾಗದದ ತುಂಡು ಇಟ್ಟು ತೆರೆದಿರುವಂತೆ ಮಾಡಿ, ಮೈನಸ್ ತುದಿಯನ್ನೇ ಮತ್ತೆ ಅಳೆಯಿರಿ. ಈಗ 12ರ ಹತ್ತಿರ ಬರಬೇಕು. ಸೊನ್ನೆಯಲ್ಲೇ ಕೂತಿದ್ದರೆ ಕಂಡೆನ್ಸರ್ ವೈರ್ ಬಿಚ್ಚಿ ನೋಡಿ. ವೋಲ್ಟೇಜ್ ಬಂದರೆ ಕಂಡೆನ್ಸರ್ ಶಾರ್ಟ್ ಆಗಿದೆ. ಆಗಲೂ ಬರದಿದ್ದರೆ ಪಾಯಿಂಟಿನ ಸ್ಪ್ರಿಂಗ್ ಕೂರುವ ಕಂಬದ ಇನ್ಸುಲೇಟರ್ ವಾಷರ್ ತಪ್ಪಾಗಿ ಕೂತಿರಬಹುದು, ಅಥವಾ ಕಾಯಿಲ್ ಒಳಗೆ ಕಡಿದಿರಬಹುದು.

ಕಂಡೆನ್ಸರ್ ಹೊಸದು ಅಂದಿರಿ. ಹೊಸದು ಅಂದ ಮಾತ್ರಕ್ಕೆ ಒಳ್ಳೆಯದು ಅಂತ ನಂಬಬೇಡಿ. ಈಗ ಸಿಗುವ ಎಷ್ಟೋ ಕಂಡೆನ್ಸರ್ ಬಿಸಿಯಾದ ಕೂಡಲೇ ಸೋರುತ್ತವೆ. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಕರೆಂಟ್ ಅಲ್ಲೇ ಕಿಡಿಯಾಗಿ ಹಾರದಂತೆ ಹೀರಿಕೊಳ್ಳುವುದು ಕಂಡೆನ್ಸರ್ ಕೆಲಸ. ಅದು ಸೋತರೆ ಪಾಯಿಂಟಿನಲ್ಲಿ ಕಿಡಿ ಜಾಸ್ತಿ, ಪ್ಲಗ್ಗಿನಲ್ಲಿ ಕಡಿಮೆ. ಮೇಲಿನ ಅಳತೆಗಳೆಲ್ಲ ಸರಿ ಬಂದು ಕಿಡಿ ಮಾತ್ರ ಸೊರಗಿದ್ದರೆ, ಡಿಸ್ಟ್ರಿಬ್ಯೂಟರ್ ಒಳಗಿನ ಕಂಡೆನ್ಸರ್‌ನ ವೈರ್ ಬಿಚ್ಚಿ, ಚೆನ್ನಾಗಿದೆ ಅಂತ ಗೊತ್ತಿರುವ ಒಂದು ಕಂಡೆನ್ಸರನ್ನು ಹೊರಗಡೆ ಕಾಯಿಲ್‌ನ ಮೈನಸ್‌ಗೂ ಅರ್ಥ್‌ಗೂ ನಡುವೆ ಕಟ್ಟಿ. ಗಾಡಿ ಎದ್ದರೆ ಉತ್ತರ ಸಿಕ್ಕಿತು. ಅಲ್ಲೇ ಕಾಯಿಲ್ ಪಟ್ಟಿಗೆ ಗಟ್ಟಿಯಾಗಿ ಬಿಗಿಸಿ ಓಡಿಸಬಹುದು, ಡಿಸ್ಟ್ರಿಬ್ಯೂಟರ್ ಒಳಗಿನ ಬಿಸಿಯೂ ತಪ್ಪುತ್ತದೆ.

ಹೊಸ ಕಾಯಿಲನ್ನೂ ಒಮ್ಮೆ ಅಳೆಯಿರಿ. ಎರಡೂ ಸಣ್ಣ ವೈರ್ ಬಿಚ್ಚಿ, ಪ್ಲಸ್‌ನಿಂದ ಮೈನಸ್‌ಗೆ ಸುಮಾರು 3 ಓಮ್ ಬರಬೇಕು. 1.5 ಓಮ್ ಬಂದರೆ ಅದು ರೆಸಿಸ್ಟರ್ ಜೊತೆ ಹಾಕಬೇಕಾದ ಕಾಯಿಲ್. ನಿಮ್ಮ ಗಾಡಿಯಲ್ಲಿ ರೆಸಿಸ್ಟರ್ ಇಲ್ಲದಿದ್ದರೆ ದುಪ್ಪಟ್ಟು ಕರೆಂಟ್ ಎಳೆದು ಅದು ಬಿಸಿಯಾಗುತ್ತದೆ, ಪಾಯಿಂಟನ್ನೂ ಸುಡುತ್ತದೆ. ಅಂಗಡಿಯಲ್ಲಿ ‘12 ವೋಲ್ಟ್ ಕಾಯಿಲ್’ ಅಂತ ಕೇಳಿದರೆ ಸಾಲದು, ಓಮ್ ಕೇಳಿ.

ಪಾಯಿಂಟ್ ಗ್ಯಾಪ್ 0.38 ಮಿಲಿಮೀಟರ್, ಪ್ಲಗ್ ಗ್ಯಾಪ್ 0.63ರ ಹತ್ತಿರ ಇರಲಿ. ಪಾಯಿಂಟ್ ಗ್ಯಾಪ್ ಮುಟ್ಟಿದರೆ ಟೈಮಿಂಗೂ (ಕಿಡಿ ಬರುವ ಸಮಯ) ಬದಲಾಗುತ್ತದೆ, ಹಾಗಾಗಿ ಟೈಮಿಂಗ್ ಕೊನೆಯಲ್ಲಿ ನೋಡಿಸಿ.

ಇನ್ನು ಕಿಟ್. ಒಳ್ಳೆಯದೇ, ಪಾಯಿಂಟ್ ಸವೆಯುವ ಕಾಟ ತಪ್ಪುತ್ತದೆ. ಆದರೆ ಇಗ್ನಿಷನ್ ಸ್ವಿಚ್ಚಿನಲ್ಲಿ ವೋಲ್ಟ್ ಕಳೆದುಹೋಗುತ್ತಿದ್ದರೆ, ರೋಟರ್ ಸೋರುತ್ತಿದ್ದರೆ ಕಿಟ್ ಹಾಕಿದ ಮೇಲೂ ಗಾಡಿ ಅದೇ ಜಾಗದಲ್ಲಿ ನಿಲ್ಲುತ್ತದೆ. ಮೊದಲು ಕಾರಣ ಹಿಡಿಯಿರಿ. ಆಮೇಲೆ ಹಾಕಿಸುವುದಾದರೆ ಹಳೇ ಪ್ಲೇಟು, ಪಾಯಿಂಟು, ಕಂಡೆನ್ಸರ್ ಎಸೆಯದೆ ಡಿಕ್ಕಿಯಲ್ಲಿಡಿ. ಕಿಟ್ ದಾರಿಯಲ್ಲಿ ಸುಟ್ಟುಹೋದರೆ ಅಲ್ಲೇ ರಿಪೇರಿ ಮಾಡಲಾಗುವುದಿಲ್ಲ, ಪಾಯಿಂಟ್ ಸೆಟ್ ಇದ್ದರೆ ಹಾಕಿಕೊಂಡು ಮನೆ ಸೇರಬಹುದು.

ಮುಂದಿನ ಸಲ ನಿಂತಾಗ ಪ್ಲಸ್, ಮೈನಸ್ ಎರಡೂ ಕಡೆಯ ವೋಲ್ಟ್ ಬರೆದು ಇಲ್ಲಿ ಹಾಕಿ, ಕಿಡಿಯ ಬಣ್ಣವನ್ನೂ ಹೇಳಿ. ನೋಡಿ ಮುಂದಿನದು ಹೇಳುತ್ತೇನೆ.