ಶೋಕೇಸ್‌ಗೆ ಅಂತ 1911 ಪಿಸ್ತೂಲಿನ ರೆಪ್ಲಿಕಾ ಕೊಳ್ಳಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯಲ್ಲಿ ಪರಿಚಯದವರೊಬ್ಬರು ಅಮೆರಿಕದ ಮಿಲಿಟರಿಯ ಹಳೇ 1911 ಪಿಸ್ತೂಲಿನ ನಕಲು ಮಾರುತ್ತಿದ್ದಾರೆ. ಗುಂಡು ಹಾರಲ್ಲ, ಪೂರ್ತಿ ಲೋಹದ್ದು, ಅಸಲಿಯಷ್ಟೇ ತೂಕ ಅಂತಾರೆ. 9,000 ರೂಪಾಯಿ ಕೇಳುತ್ತಿದ್ದಾರೆ. ಶೋಕೇಸ್‌ನಲ್ಲಿ ಇಡೋದಕ್ಕೆ ಅಷ್ಟು ಕೊಡಬಹುದಾ ಅಂತ.

ನಾನು ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಡೈ-ಕಾಸ್ಟಿಂಗ್ ಕೆಲಸ, ಅಂದರೆ ಕರಗಿದ ಲೋಹವನ್ನು ಡೈ ಅನ್ನೋ ಅಚ್ಚಿಗೆ ಹೊಯ್ಯುವ ಕೆಲಸ ಮಾಡೋನು. ಹಳೇ ಮಿಲಿಟರಿ ಸಾಮಾನಿನ ಹುಚ್ಚು ಆಮೇಲೆ ಹತ್ತಿದ್ದು. ಹೀಗಾಗಿ ಇಂಥದ್ದು ಕೈಗೆ ಸಿಕ್ಕರೆ ನನಗೆ ಮೊದಲು ಕಾಣೋದು ಎರಕ, ಪಿಸ್ತೂಲು ಆಮೇಲೆ.

ತೂಕದ ಮಾತಿಗೆ ಮರುಳಾಗಬೇಡಿ. ಅಸಲಿ 1911 ಖಾಲಿ ಇದ್ದಾಗ ಸುಮಾರು 1.1 ಕೆ.ಜಿ. ತೂಗುತ್ತದೆ, ಅದು ಉಕ್ಕು. ಗುಂಡು ಹಾರದ ಲೋಹದ ರೆಪ್ಲಿಕಾಗಳು ಹೆಚ್ಚಾಗಿ ಝಿಂಕ್ ಅಲಾಯ್. ಝಿಂಕ್ ಉಕ್ಕಿಗಿಂತ ತುಸು ಹಗುರ ಅಷ್ಟೇ. ಒಳಗೆ ಪೊಳ್ಳು ಬಿಡದೆ ದಪ್ಪ ಎರಕ ಹೊಯ್ದರೆ ಅದೇ 1.1 ಕೆ.ಜಿ. ಆರಾಮಾಗಿ ಬರುತ್ತದೆ. ಝಿಂಕ್ ಅಲಾಯ್ ಯಾಕೆ ಅಂದರೆ 400 ಡಿಗ್ರಿಯೊಳಗೇ ಕರಗುತ್ತದೆ, ಡೈ ಬಾಳಿಕೆ ಬರುತ್ತದೆ, ಅಕ್ಷರ, ಗೆರೆ ಎಲ್ಲ ಚೊಕ್ಕಟವಾಗಿ ಮೂಡುತ್ತವೆ. ಝಿಂಕ್ ಅನ್ನೋದೇ ದೋಷ ಅಲ್ಲ. ಝಿಂಕ್ ಮಾಲನ್ನು ಉಕ್ಕು ಅಂತ ಹೇಳಿ ಉಕ್ಕಿನ ರೇಟು ಕೇಳಿದರೆ ಮಾತ್ರ ಎದ್ದು ಬನ್ನಿ.

ಗೊತ್ತು ಮಾಡೋದು ಸುಲಭ. ಹಾಳಾದ ಸ್ಪೀಕರಿನದೊಂದು ಮ್ಯಾಗ್ನೆಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಸ್ಲೈಡಿಗೆ (ಹಿಂದೆ-ಮುಂದೆ ಜಾರುವ ಮೇಲಿನ ಭಾಗ), ಫ್ರೇಮಿಗೆ (ಹಿಡಿಕೆ ಇರುವ ಕೆಳಗಿನ ಭಾಗ) ತಾಗಿಸಿ. ಹಿಡಿಯದಿದ್ದರೆ ಉಕ್ಕಲ್ಲ. ಸ್ಕ್ರೂ, ಪಿನ್ನು, ಸ್ಪ್ರಿಂಗಿಗೆ ಹಿಡಿದರೆ ಒಳ್ಳೆಯದು, ಅಷ್ಟಾದರೂ ಗಟ್ಟಿ ಹಾಕಿದ್ದಾರೆ ಅಂತ. ಆಮೇಲೆ ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತಲಿನ ಬಳೆ) ಒಳಬದಿಗೆ ಉಗುರು ಆಡಿಸಿ. ಡೈಯ ಎರಡು ಭಾಗ ಕೂಡುವ ಕಡೆ ಸಣ್ಣ ಏಣು ಉಳಿದಿರುತ್ತದೆ, ನಾವು ಪಾರ್ಟಿಂಗ್ ಲೈನ್ ಅಂತೀವಿ. ಒಳ್ಳೆ ತಯಾರಕರು ಅದನ್ನು ಉಜ್ಜಿ ತೆಗೆದಿರುತ್ತಾರೆ. ಅಗ್ಗದವರು ಹಾಗೇ ಬಣ್ಣ ಹೊಡೆದಿರುತ್ತಾರೆ. ಬಣ್ಣದ ಕೆಳಗೆ ಸಣ್ಣ ಗುಳ್ಳೆ ಎದ್ದಿದ್ದರೆ, ಹೇರ್‌ಲೈನ್ ಬಿರುಕು ಕಂಡರೆ ಮುಟ್ಟಲೇಬೇಡಿ. ಝಿಂಕಿನಲ್ಲಿ ಸೀಸ ಬೆರೆತರೆ ವರ್ಷಗಳು ಕಳೆದಂತೆ ಎರಕ ಒಳಗಿಂದಲೇ ಉಬ್ಬಿ ಒಡೆಯುತ್ತದೆ. ಅದಕ್ಕೆ ರಿಪೇರಿ ಇಲ್ಲ.

ಇನ್ನು ನಾನು ದುಡ್ಡು ಕೊಡೋದು ಯಾವುದಕ್ಕೆ ಅಂದರೆ, ಒಳಗಿನ ಕೆಲಸಕ್ಕೆ. ಖಾಲಿ ಮ್ಯಾಗಝೀನ್ (ಗುಂಡು ತುಂಬುವ ಡಬ್ಬಿ) ಹಾಕಿ ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆಯಿರಿ. ಅಸಲಿಯಲ್ಲಿ ಅದು ಹಿಂದೆಯೇ ನಿಲ್ಲುತ್ತದೆ. ಆಗ ನಳಿಕೆ ನೋಡಿ. ಹಿಂಭಾಗ ಕೆಳಗಿಳಿದು ಮೂತಿ ತುಸು ಮೇಲೆದ್ದಿರಬೇಕು. ಈ ಪಿಸ್ತೂಲು ರೂಪಿಸಿದ ಜಾನ್ ಬ್ರೌನಿಂಗ್‌ನ ಕರಾಮತ್ತು ಇರೋದೇ ಇಲ್ಲಿ. ನಳಿಕೆಯ ಮೇಲಿನ ಏಣುಗಳು ಸ್ಲೈಡಿನ ಒಳಗೆ ಕಚ್ಚಿಕೊಂಡಿರುತ್ತವೆ. ಗುಂಡು ಹಾರಿದಾಗ ಎರಡೂ ಕೂಡಿಯೇ ಸ್ವಲ್ಪ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಕೆಳಗಿರುವ ಒಂದು ಸಣ್ಣ ಲಿಂಕ್ ನಳಿಕೆಯನ್ನು ಕೆಳಕ್ಕೆ ಜಗ್ಗಿ ಕಚ್ಚು ಬಿಡಿಸುತ್ತದೆ, ಸ್ಲೈಡ್ ಒಂದೇ ಮುಂದುವರಿಯುತ್ತದೆ. ನೂರು ವರ್ಷ ದಾಟಿದರೂ ಇವತ್ತಿನ ಎಷ್ಟೋ ಪಿಸ್ತೂಲುಗಳಲ್ಲಿ ನಳಿಕೆ ಹೀಗೇ ಓಲುತ್ತದೆ. ರೆಪ್ಲಿಕಾದಲ್ಲಿ ಈ ಓಲಾಟ ಇದ್ದರೆ ಮಾಡಿದವರು ಅಸಲಿಯನ್ನು ಬಿಚ್ಚಿ ನೋಡಿದ್ದಾರೆ ಅಂತ ಅರ್ಥ. ನಳಿಕೆ ಅಲುಗದೆ ಫ್ರೇಮಿಗೇ ಅಂಟಿದ್ದರೆ ಅದು ಬರೀ ಆಕಾರ.

ಹಾಗೇ ಹಿಡಿಕೆಯ ಬೆನ್ನಿನಲ್ಲಿ, ಹೆಬ್ಬೆರಳಿನ ಬುಡ ತಾಗುವ ಕಡೆ, ಒಂದು ಒತ್ತುಪಟ್ಟಿ ಇರುತ್ತದೆ. ಅದು ಗ್ರಿಪ್ ಸೇಫ್ಟಿ. ಅದನ್ನು ಒತ್ತದೆ ಟ್ರಿಗರ್ ಎಳೆಯೋಕೆ ಬರಬಾರದು. ಎಡಬದಿಯ ಹೆಬ್ಬೆರಳ ಸೇಫ್ಟಿ, ಹ್ಯಾಮರನ್ನು (ಹಿಂದೆ ಕಾಣುವ ಬಡಿಗೆ) ಎಳೆದು ನಿಲ್ಲಿಸಿದಾಗ ಮಾತ್ರ ಮೇಲೇಳಬೇಕು. ಅಗ್ಗದ ಮಾಲಿನಲ್ಲಿ ಇವೆರಡೂ ಸುಮ್ನೆ ಎರಕದಲ್ಲೇ ಮೂಡಿಸಿದ ಉಬ್ಬು. ಒಂದು ಎಚ್ಚರಿಕೆ, ಹ್ಯಾಮರ್ ಪದೇಪದೇ ಟಕಟಕ ಅನ್ನಿಸಬೇಡಿ. ಅದನ್ನು ಹಿಡಿದು ನಿಲ್ಲಿಸುವ ಝಿಂಕಿನ ಹಲ್ಲು ಬೇಗ ಸವೆಯುತ್ತದೆ, ಆಮೇಲೆ ಹ್ಯಾಮರ್ ನಿಲ್ಲೋದೇ ಇಲ್ಲ. ಮಾರುವವರು ಆಗಲೇ ಊರಿಗೆಲ್ಲ ಆಡಿಸಿ ತೋರಿಸಿದ್ದರೆ ಅದೂ ನಿಮಗೆ ಗೊತ್ತಾಗುತ್ತದೆ.

ಬರಹ, ಮುದ್ರೆ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನನಗೆ ಅದು ಎರಡನೇ ಮಾತು. ಒಂದು ಮಾತ್ರ ನೋಡಿ, ಎರಡು ಕಾಲದ ಭಾಗ ಕಲಸಿದ್ದಾರಾ ಅಂತ. 1920ರ ದಶಕದಲ್ಲಿ ಇದನ್ನು ತಿದ್ದಿ 1911-ಎ1 ಮಾಡಿದರು. ಟ್ರಿಗರ್ ಗಿಡ್ಡವಾಯಿತು, ಅದರ ಹಿಂದೆ ಫ್ರೇಮಿನ ಎರಡೂ ಬದಿ ಬೆರಳಿಗೆ ತಗ್ಗು ಬಂತು, ಹಿಡಿಕೆಯ ಬೆನ್ನು ಉಬ್ಬಿತು. ಎರಡನೇ ಮಹಾಯುದ್ಧದವು ಬೂದು-ಹಸಿರು ಬಣ್ಣದ ಮಂಕು ಫಾಸ್ಫೇಟ್ ಲೇಪದವು, ಹಿಡಿಕೆ ಕಂದು ಪ್ಲಾಸ್ಟಿಕ್. ನಿಮಗೆ ತೋರಿಸಿದ್ದು ಮದುವೆ ಮನೆ ಸ್ಟೀಲ್ ಪಾತ್ರೆಯ ಹಾಗೆ ಫಳಫಳ ಅಂತಿದ್ದರೆ ಅದಕ್ಕೆ ‘ಮಿಲಿಟರಿ’ ಅನ್ನೋ ಹೆಸರಿನ ರೇಟು ಬೇಡ. ಅಂದಹಾಗೆ, ಯುದ್ಧಕಾಲದಲ್ಲಿ ಎ1 ಅತಿ ಹೆಚ್ಚು ಮಾಡಿದ್ದು ಟೈಪ್‌ರೈಟರ್ ಕಂಪನಿ ರೆಮಿಂಗ್ಟನ್ ರ್‍ಯಾಂಡ್. ಹೊಲಿಗೆ ಮಷಿನಿನ ಸಿಂಗರ್ ಕೂಡ 500 ಮಾಡಿಕೊಟ್ಟಿತ್ತು. ಅಸಲಿ ಸಿಂಗರ್ ಸಿಕ್ಕರೆ ಸಂಗ್ರಹಕಾರರು ಆಸ್ತಿ ಮಾರೋಕೂ ತಯಾರು. ಅದಕ್ಕೇ ರೆಪ್ಲಿಕಾ ಮೇಲೆ ಸಿಂಗರ್ ಅಂತ ಕೊರೆದು ಎರಡು ಸಾವಿರ ಜಾಸ್ತಿ ಕೇಳುವವರೂ ಇದ್ದಾರೆ. ನಗಬೇಕಷ್ಟೇ.

ಕೊನೆಗೆ ಕಾನೂನು. ಇದನ್ನು ದುಡ್ಡು ಕೊಡುವ ಮೊದಲೇ ಮುಗಿಸಿ. 2016ರ ಆಯುಧ ನಿಯಮಗಳು ಆಟಿಕೆಯಲ್ಲದ ರೆಪ್ಲಿಕಾವನ್ನು ಬೇರೆಯಾಗಿಯೇ ಹೆಸರಿಸುತ್ತವೆ. ಹಾಗಾಗಿ ‘ಏನೂ ಬೇಡ್ರೀ, ಆಟದ ಸಾಮಾನು’ ಅಂತ ಮಾರುವವರು ಹೇಳಿದ್ದು ಸಾಲದು. ಹುಬ್ಬಳ್ಳಿ-ಧಾರವಾಡದವರಾದರೆ ಪೊಲೀಸ್ ಕಮಿಷನರ್ ಕಚೇರಿಯಲ್ಲಿ, ಗದಗ, ಹಾವೇರಿ ಕಡೆಯವರಾದರೆ ಡಿಸಿ ಆಫೀಸಿನಲ್ಲಿ, ಇದಕ್ಕೆ ಲೈಸೆನ್ಸ್ ಬೇಕಾ ಅಂತ ಹೋಗಿ ಕೇಳಿ. 1959ರ ಆಯುಧ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ನಕಲಿಯನ್ನು ಲೈಸೆನ್ಸ್ ಇಲ್ಲದೆ ಅಸಲಿಯಾಗಿ ಬದಲಾಯಿಸುವುದು ಅಪರಾಧ. ಅದಕ್ಕೇ ನಳಿಕೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಮುಚ್ಚಿರಬೇಕು. ಕೊರೆದ ಗುರುತು, ಆಮೇಲೆ ಕೂರಿಸಿದ ಪೈಪು ಏನಾದರೂ ಕಂಡರೆ ಚೌಕಾಸಿಗೂ ನಿಲ್ಲಬೇಡಿ. 28ನೇ ಸೆಕ್ಷನ್ ಇನ್ನೂ ಗಟ್ಟಿ. ಬಂಧನ ತಪ್ಪಿಸಿಕೊಳ್ಳೋಕೆ ನಕಲಿ ತೋರಿಸಿದರೂ 7 ವರ್ಷದವರೆಗೆ ಜೈಲು. ಮನೆಯಲ್ಲಿ ಹುಡುಗರಿದ್ದರೆ ಶೋಕೇಸಿಗೆ ಬೀಗ ಹಾಕಿ. ಗಣಪತಿ ಮೆರವಣಿಗೆಗೆ ಒಯ್ದು ಎತ್ತಿ ಹಿಡಿದು ರೀಲ್ಸ್ ಮಾಡಿದರೆ ನಿಮ್ಮ ಮನೆ ಬಾಗಿಲಿಗೆ ಯಾರು ಬರುತ್ತಾರೆ ಅಂತ ಹೇಳಬೇಕಾಗಿಲ್ಲ, ಅಲ್ವಾ.

ನನ್ನ ಲೆಕ್ಕ ಇಷ್ಟು. ನಳಿಕೆ ಓಲುತ್ತದೆ, ಎರಡೂ ಸೇಫ್ಟಿ ಕೆಲಸ ಮಾಡುತ್ತವೆ, ಬಿಚ್ಚಿ ಜೋಡಿಸೋಕೆ ಬರುತ್ತದೆ, ಎರಕ ಚೊಕ್ಕಟ, ಬಿಲ್ ಇದೆ ಅಂದರೆ ಏಳು ಸಾವಿರದಿಂದ ಶುರು ಮಾಡಿ, ಒಂಬತ್ತಕ್ಕೂ ನಾನು ಬೇಡ ಅನ್ನಲ್ಲ. ಬರೀ ಆಕಾರ ಆಗಿದ್ದರೆ ಎರಡೂವರೆಗಿಂತ ಮೇಲೆ ಹೋಗಬೇಡಿ. ಬಿಲ್ ಇಲ್ಲದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.