ಕ್ಯಾಮೆರಾ ಪ್ರಶ್ನೋತ್ತರ: ಎಫ್ 22 ಇಟ್ಟರೂ ಚಿತ್ರ ಮಂಕೇಕೆ?

ಪ್ರಶ್ನೆ: ಇಬ್ಬನಿ ಕೂತ ಏರೋಪ್ಲೇನ್ ಚಿಟ್ಟೆಯ ತಲೆಯನ್ನು ಫುಲ್‌ಫ್ರೇಮ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸಿನಲ್ಲಿ 1:1 ಅಳತೆಗೆ (ಸೆನ್ಸರ್ ಮೇಲೆ ನಿಜಗಾತ್ರದಲ್ಲೇ ಮೂಡುವಂತೆ) ತೆಗೆಯುತ್ತೇನೆ. ಎಫ್ 8ರಲ್ಲಿ ಕಣ್ಣು ಸ್ಪಷ್ಟ, ಅದರ ಹಿಂದೆ ಎಲ್ಲ ಮಸುಕು. ಎಫ್ 22ಕ್ಕೆ ಹೋದರೆ ಕಣ್ಣೂ ಮಂಕು. ಲೆನ್ಸ್ ಬದಲಿಸಬೇಕೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಖಂಡಿತ ಬೇಡ. ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನಲ್ಲಿ ಬೆಳಕು ಹಾಯುವ ಕಿಂಡಿ ಸಣ್ಣದಾಗುತ್ತದೆ. 1:1ರಲ್ಲಿ ಲೆನ್ಸಿನ ಮೇಲಿನ ಎಫ್ 22 ಸೆನ್ಸರ್ ಪಾಲಿಗೆ ಎಫ್ 44 ಆಗಿರುತ್ತದೆ. ಅಷ್ಟು ಸಣ್ಣ ಕಿಂಡಿ ದಾಟುವಾಗ ಬೆಳಕು ಹರಡಿಕೊಳ್ಳುತ್ತದೆ, ಇದೇ ಡಿಫ್ರಾಕ್ಷನ್. ಒಂದು ಚುಕ್ಕೆ ಸುಮಾರು 0.06 ಮಿ.ಮೀ. ಅಗಲವಾಗುತ್ತದೆ, ಅಂದರೆ 24 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ಹತ್ತು ಪಿಕ್ಸೆಲ್. ಕೀಟದ ಕಣ್ಣಿನ ಸಣ್ಣ ಸಣ್ಣ ಘಟಕಗಳೆಲ್ಲ ಅದರಲ್ಲೇ ಕಲಸಿಹೋಗುತ್ತವೆ.

ಎಫ್ 8ರಲ್ಲೇ ಇದ್ದು ಫೋಕಸ್ ಸ್ಟ್ಯಾಕಿಂಗ್ ಮಾಡಿ, ಅಂದರೆ ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತ ಹಲವು ಚಿತ್ರ ತೆಗೆದು, ಅವುಗಳ ಸ್ಪಷ್ಟ ಭಾಗಗಳನ್ನು ಸಾಫ್ಟ್‌ವೇರ್‌ನಲ್ಲಿ ಒಂದೇ ಚಿತ್ರವಾಗಿ ಜೋಡಿಸಿ. ಎಫ್ 8ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಹೆಚ್ಚುಕಡಿಮೆ 1 ಮಿ.ಮೀ. ಪ್ರತಿ ಚಿತ್ರಕ್ಕೂ ಫೋಕಸನ್ನು 0.6ರಿಂದ 0.7 ಮಿ.ಮೀ. ಮಾತ್ರ ಸರಿಸಿ, ಒಂದರ ಮೇಲೊಂದು ಸ್ವಲ್ಪ ಹೊದ್ದುಕೊಳ್ಳಬೇಕು. 8 ಮಿ.ಮೀ. ಆಳಕ್ಕೆ 13 ಚಿತ್ರ ಸಾಕಾದರೂ ಹಿಂದೆ ಮುಂದೆ ಒಂದೆರಡು ಹೆಚ್ಚಿಗೆ ತೆಗೆದುಕೊಳ್ಳಿ. ಟ್ರೈಪಾಡ್ ಮೇಲೆ ಮ್ಯಾನುಯಲ್ ಮೋಡ್, ಐಎಸ್ಒ ಮತ್ತು ವೈಟ್ ಬ್ಯಾಲೆನ್ಸ್ ಸ್ಥಿರ. ಹತ್ತಿರದ ತುದಿಯಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಕ್ಯಾಮೆರಾದಲ್ಲಿ ತಾನೇ ಫೋಕಸ್ ಸರಿಸುತ್ತ ಚಿತ್ರ ತೆಗೆಯುವ ಫೋಕಸ್ ಬ್ರ್ಯಾಕೆಟಿಂಗ್ ಇದ್ದರೆ (ನಿಕಾನ್‌ನಲ್ಲಿ ಇದರ ಹೆಸರು ಫೋಕಸ್ ಶಿಫ್ಟ್) ಅದನ್ನೇ ಬಳಸಿ, ರಿಂಗ್ ಮುಟ್ಟುವ ಅಲುಗಾಟ ತಪ್ಪುತ್ತದೆ. ಬಿಸಿಲು ಬಿದ್ದು ಇಬ್ಬನಿ ಆರಿತೆಂದರೆ ಚಿಟ್ಟೆ ಹಾರಿಹೋಗುತ್ತದೆ, ಅದಕ್ಕೆ ಮೊದಲೇ ಮುಗಿಸಿ.

ಪ್ರಶ್ನೆ: ಹೀಗೆ ಜೋಡಿಸಿದ ಚಿತ್ರದಲ್ಲಿ ಕೀಟದ ಬೆನ್ನಿನ ಮೇಲೆ ಮಸುಕು ಪಟ್ಟಿಗಳು, ಕಾಲಿನ ಕೂದಲ ಸುತ್ತ ಮಂಜಿನಂಥ ಅಂಚು, ಒಂದು ಮೀಸೆ ಎರಡಾಗಿದೆ.
— ಓದುಗರು, ಧಾರವಾಡ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. ಪಟ್ಟಿ ಬಂದಿದೆ ಎಂದರೆ ಫೋಕಸ್ ಸರಿಸಿದ ಹೆಜ್ಜೆ ದೊಡ್ಡದಾಗಿ ನಡುವಿನ ಆಳ ಯಾವ ಚಿತ್ರದಲ್ಲೂ ಸಿಕ್ಕಿಲ್ಲ. ಇಲ್ಲದ್ದನ್ನು ಯಾವ ಸಾಫ್ಟ್‌ವೇರೂ ತಂದುಕೊಡದು, ಮತ್ತೆ ತೆಗೆಯಲೇಬೇಕು. ಎರಡು ಮೀಸೆ ಗಾಳಿಯ ಕೆಲಸ. ರೀಟಚ್ ಬ್ರಷ್‌ನಿಂದ ಒಂದೇ ಮೂಲಚಿತ್ರದ ಮೀಸೆಯನ್ನು ಮೇಲೆ ಬಳಿಯಿರಿ.

ಮಂಜಿನ ಅಂಚು ಜೋಡಿಸುವ ವಿಧಾನದಿಂದ ಬರುತ್ತದೆ. ಜೆರೀನ್ ಸ್ಟ್ಯಾಕರ್ ಎಂಬ ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಡಿಮ್ಯಾಪ್, ಪಿಮ್ಯಾಕ್ಸ್ ಎಂಬ ಎರಡು ವಿಧಾನಗಳಿವೆ. ಡಿಮ್ಯಾಪ್ ಬಣ್ಣ, ನುಣುಪು ಕಾಯುತ್ತದೆ, ಆದರೆ ಒಂದರ ಮೇಲೊಂದು ಹಾಯುವ ಕೂದಲಲ್ಲಿ ಎಡವುತ್ತದೆ. ಪಿಮ್ಯಾಕ್ಸ್ ಕೂದಲನ್ನು ಚೆನ್ನಾಗಿ ಬಿಡಿಸುತ್ತದೆ, ಬದಲಿಗೆ ನಾಯ್ಸ್ (ಚಿತ್ರದ ಕಾಳುಕಾಳು) ಹೆಚ್ಚಿಸುತ್ತದೆ. ಎರಡನ್ನೂ ಮಾಡಿ, ಡಿಮ್ಯಾಪ್ ಚಿತ್ರದ ಮೇಲೆ ಕೂದಲಿನ ಭಾಗವನ್ನಷ್ಟೇ ಪಿಮ್ಯಾಕ್ಸ್‌ನಿಂದ ತುಂಬಿ. ಇದರಷ್ಟು ಚೊಕ್ಕ ದಾರಿ ಬೇರೆ ಕಂಡಿಲ್ಲ. ಅಂದಹಾಗೆ, ಸೆನ್ಸರ್ ಒರೆಸಿಕೊಳ್ಳಿ: ಜೋಡಿಸುವಾಗ ಒಂದೇ ಧೂಳಿನ ಕಣ ಚುಕ್ಕೆಗಳ ಸಾಲಾಗುತ್ತದೆ.

ಪ್ರಶ್ನೆ: ಬೆಟ್ಟದ ನೋಟಕ್ಕೂ ಫೋಕಸ್ ಸ್ಟ್ಯಾಕಿಂಗ್ ಬೇಕೇ?
— ಓದುಗರು, ಮಡಿಕೇರಿ

ಉತ್ತರ: ಸಾಮಾನ್ಯವಾಗಿ ಬೇಡ. ಫುಲ್‌ಫ್ರೇಮ್, 24 ಎಂಎಂ ಲೆನ್ಸ್, ಎಫ್ 8ರಲ್ಲಿ 2.4 ಮೀಟರಿಗೆ ಫೋಕಸ್ ಇಟ್ಟರೆ 1.2 ಮೀಟರಿನಿಂದ ಆಚೆ ಎಲ್ಲವೂ ಸ್ಪಷ್ಟ. 30 ಸೆಂ.ಮೀ. ದೂರದ ಹೂವೂ ಸೇರಬೇಕಾದರೆ 34 ಸೆಂ.ಮೀ., 48 ಸೆಂ.ಮೀ., 80 ಸೆಂ.ಮೀ., 2.4 ಮೀಟರ್, ಹೀಗೆ ನಾಲ್ಕು ಚಿತ್ರ ಸಾಕು. ಹೂವು ಅಲುಗದ ಕ್ಷಣಕ್ಕೆ ಕಾದು ಕ್ಲಿಕ್ಕಿಸಿ.