ಸಿಲ್ವರ್ ಬಾತ್ ಚೆಲ್ಲಬೇಡಿ, ಬಿಸಿಲಿಗಿಡಿ

ವೆಟ್ ಪ್ಲೇಟ್ ಫೋಟೋಗ್ರಫಿಯಲ್ಲಿ, ಅಂದ್ರೆ ಗಾಜು ಅಥವಾ ಲೋಹದ ಹಾಳೆಯ ಮೇಲೆ ಫೋಟೋ ತೆಗೆಯುವ ಹಳೇ ವಿಧಾನದಲ್ಲಿ, ಪ್ಲೇಟ್ ಮಸುಕಾಗಿ, ಸೂಜಿ ಚುಚ್ಚಿದಂಥ ಚುಕ್ಕೆಗಳೂ ಬರುತ್ತಿವೆ ಅಂದ್ರೆ ಪ್ಲೇಟ್ ಅದ್ದುವ ನಿಮ್ಮ ಸಿಲ್ವರ್ ನೈಟ್ರೇಟ್ ಬಾತ್‌ನಲ್ಲಿ ಪ್ಲೇಟಿಗೆ ಬಳಿಯುವ ಅಂಟು ದ್ರಾವಣ ಕೊಲೋಡಿಯನ್‌ನಿಂದ ಇಳಿದ ಅಯೊಡೈಡ್, ಆಲ್ಕೋಹಾಲ್, ಈಥರ್ ಜಾಸ್ತಿ ಆಗಿರಬೇಕು. ಡಾರ್ಕ್‌ರೂಮಿಗೆ ಬೆಳಕು ನುಗ್ಗಿದರೂ ಮಸುಕಾಗುತ್ತದೆ. ಪ್ಲೇಟ್ ನೋಡದೆ ಖಚಿತ ಹೇಳಲಾರೆ, ಆದರೆ ಚುಕ್ಕೆ ಇರೋದ್ರಿಂದ ಬಾತ್ ಮೇಲೇ ಅನುಮಾನ.

ಮೊದಲು ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಸಿಲ್ವರ್ ನೈಟ್ರೇಟ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಬಾತ್‌ನಷ್ಟೇ ಡಿಸ್ಟಿಲ್ಡ್ ವಾಟರ್ ಬೆರೆಸಿ, ಹಳದಿಯಾಗಿ ಕದಡಿದ್ದನ್ನು ಸೋಸಿ. ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಕ್ಲೋರೈಡ್ ನಿಮ್ಮ ಬೆಳ್ಳಿಯನ್ನೇ ತಿನ್ನುತ್ತದೆ. ಆಮೇಲೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಹಾಕಿ ಪಿಎಚ್ 7ರ ಹತ್ತಿರ ತಂದು, ಪಾರದರ್ಶಕ ಗಾಜಿನ ಜಾಡಿಯಲ್ಲಿ ಬಾಯಿಗೆ ತೆಳು ಬಟ್ಟೆ ಕಟ್ಟಿ ತಾರಸಿಯಲ್ಲಿಡಿ. ಹಾಸನದಲ್ಲಾದರೆ ಕೆಲವು ದಿನ ಸಾಕು, ಸಕಲೇಶಪುರದ ಜುಲೈ ಮಳೆಯಲ್ಲಿ ಬಿಸಿಲು ಎಲ್ಲಿಂದ ತರೋದು, ಸುಮ್ನೆ ಕಾಯಬೇಕು ಅಷ್ಟೆ. ಬಿಸಿಲಿಗೆ ಕಲ್ಮಶ ಕಪ್ಪು ಗಸಿಯಾಗಿ ತಳದಲ್ಲಿ ನಿಂತ ಮೇಲೆ ಸೋಸಿ, ಹೊರಗಡೆ ಎಲೆಕ್ಟ್ರಿಕ್ ಒಲೆ ಮೇಲೆ ಮೆಲ್ಲಗೆ ಬತ್ತಿಸಿ. ಗ್ಯಾಸ್ ಒಲೆ ಬೇಡ, ಆಲ್ಕೋಹಾಲ್, ಈಥರ್ ಆವಿಗೆ ಬೆಂಕಿ ಹಿಡಿಯುತ್ತದೆ. ತಣಿದ ಮೇಲೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.07 ಆಸುಪಾಸು ಬರಬೇಕು. ಕಡಿಮೆಯಿದ್ದರೆ ಸಿಲ್ವರ್ ನೈಟ್ರೇಟ್ ಸೇರಿಸಿ. ಕೊನೆಗೆ ದುರ್ಬಲ ನೈಟ್ರಿಕ್ ಆಸಿಡ್ ಹನಿ ಹನಿಯಾಗಿ ಹಾಕಿ ಪಿಎಚ್ 4ಕ್ಕೆ ಇಳಿಸಿ.

ಬಾತನ್ನು ಕಂದು ಗಾಜಿನ ಬಾಟಲಿಯಲ್ಲಿ ತುಂಬಿ ಬೀಗದೊಳಗಿಡಿ. ಅಮೋನಿಯಾ ಇರುವ ಕ್ಲೀನರ್ ಹತ್ತಿರವೂ ಬೇಡ, ಸಿಡಿಯುವ ಪದಾರ್ಥ ಆಗಬಹುದು. ಕೊಲೋಡಿಯನ್ನು ಮನೆ ಫ್ರಿಜ್‌ನಲ್ಲಿ ಇಡಬೇಡಿ, ಕಿಡಿಯೊಂದು ಸಾಕು ಈಥರ್ ಆವಿಗೆ. ಚಿತ್ರ ಅಳಿಯದಂತೆ ನಿಲ್ಲಿಸುವ ಫಿಕ್ಸರ್ ಸಯನೈಡ್ ಆಗಿದ್ದರೆ ಈ ಆಸಿಡ್‌ನ ಜೊತೆ ಒಂದೇ ಕಪಾಟಿನಲ್ಲೂ ಇಡಬೇಡಿ, ಬೆರೆತರೆ ವಿಷಾನಿಲ. ಫಿಕ್ಸರ್ ಆಗಿ ಹೈಪೊ ಬಳಸಿದರೆ, ಬಳಸಿದ್ದನ್ನು ಚರಂಡಿಗೆ ಬಿಡದೆ ಬೇರೆ ಕ್ಯಾನಿನಲ್ಲಿ ಲೇಬಲ್ ಹಚ್ಚಿ ಕೂಡಿಡಿ, ಅದರಲ್ಲೂ ಬೆಳ್ಳಿ ಇದೆ.